ಅರ್ಜಿ ಹಾಕುವ ಮುನ್ನ



ಸಾಲ ತೀರಿಸಲು ಇನ್ನು ಸಾಧ್ಯವೇ ಇಲ್ಲ ಎಂದಾದವರು ಹೋಗಿ ನಿಲ್ಲುವ ಪ್ರತ್ಯೇಕ ನ್ಯಾಯಾಲಯವೊಂದು ಅಮೆರಿಕದಲ್ಲಿದೆ. ಅದು ದಿವಾಳಿ ನ್ಯಾಯಾಲಯ. ಅಲ್ಲಿಯ ನ್ಯಾಯಾಧೀಶರಿಗೆ ಅದೊಂದೇ ಕೆಲಸ. 2024ರಲ್ಲಿ ಆ ದೇಶದಲ್ಲಿ ಸುಮಾರು 5 ಲಕ್ಷ ದಿವಾಳಿ ಅರ್ಜಿಗಳು ದಾಖಲಾದವು. ಅವುಗಳಲ್ಲಿ ದೊಡ್ಡ ಕಂಪನಿಗಳದ್ದು ತೀರ ಕಡಿಮೆ. ಬಹುಪಾಲು ಅರ್ಜಿಗಳು ಸಾಮಾನ್ಯ ಸಂಸಾರಸ್ಥರವು. ಕೆಲಸ ಹೋಗಿರುತ್ತದೆ. ಆಸ್ಪತ್ರೆಯ ಬಿಲ್ಲು ಬಂದಿರುತ್ತದೆ. ದಂಪತಿ ಬೇರೆಯಾಗಿರುತ್ತಾರೆ. ಕ್ರೆಡಿಟ್ ಕಾರ್ಡಿನ ಬಡ್ಡಿ ಅಸಲನ್ನೇ ನುಂಗಿರುತ್ತದೆ.

ಈ ವಿಷಯ ಕನ್ನಡದ ಬಾನುಲಿಗೆ ಏಕೆ ಬೇಕು? ಕೇಳುತ್ತಿರುವ ಎಷ್ಟೋ ಮನೆಗಳ ಮಗನೋ ಮಗಳೋ ಅಳಿಯನೋ ಇವತ್ತು ನ್ಯೂಜೆರ್ಸಿಯಲ್ಲಿದ್ದಾರೆ, ಟೆಕ್ಸಾಸಿನಲ್ಲಿದ್ದಾರೆ, ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅಲ್ಲಿ ಸಾಲದಲ್ಲಿ ಸಿಕ್ಕಿಕೊಂಡವರು ಆ ಮಾತನ್ನು ಊರಿಗೆ ತಿಳಿಸುವುದೇ ಇಲ್ಲ. ಆದರೆ ಅಲ್ಲಿಯ ಅರ್ಜಿಯಲ್ಲಿ ಮೈಸೂರಿನ ಸೈಟಿನ ಪ್ರಶ್ನೆಯೂ ಬರುತ್ತದೆ, ಹಾಸನದ ಜಮೀನಿನ ಪಹಣಿಯ ಪ್ರಶ್ನೆಯೂ ಬರುತ್ತದೆ. ಹಾಗಾಗಿ ಇವತ್ತಿನ ಮಾತು ಒಂದೇ ವಿಷಯದ ಸುತ್ತ: ದಿವಾಳಿ ವಕೀಲರನ್ನು ಹೇಗೆ ಆರಿಸಬೇಕು, ಆರಿಸಿದ ಮೇಲೆ ಅವರೊಡನೆ ಹೇಗೆ ನಡೆದುಕೊಳ್ಳಬೇಕು.

ಮೊದಲು ಈ ವಕೀಲರು ಮಾಡುವ ಕೆಲಸವೇನು ಎಂದು ತಿಳಿದುಕೊಳ್ಳೋಣ. ದಿವಾಳಿಯಾದ ಸಂಸಾರಕ್ಕೆ ಅಲ್ಲಿಯ ಕಾನೂನು ಮುಖ್ಯವಾಗಿ ಎರಡು ದಾರಿ ಕೊಟ್ಟಿದೆ. ಒಂದನ್ನು ಚಾಪ್ಟರ್ 7 ಎನ್ನುತ್ತಾರೆ. ಕಾನೂನು ಮುಟ್ಟದೆ ಬಿಟ್ಟ ಆಸ್ತಿ ಅರ್ಜಿದಾರರ ಬಳಿಯೇ ಉಳಿಯುತ್ತದೆ. ಮಿಕ್ಕದ್ದೇನಾದರೂ ಇದ್ದರೆ ಟ್ರಸ್ಟಿ ಎಂಬ ಅಧಿಕಾರಿ ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ನಾಲ್ಕೈದು ತಿಂಗಳಲ್ಲಿ ಬಹುತೇಕ ಸಾಲ ಮನ್ನಾ ಆಗುತ್ತದೆ. ಇನ್ನೊಂದು ಚಾಪ್ಟರ್ 13. ಅಲ್ಲಿ ಆಸ್ತಿ ಮಾರುವುದಿಲ್ಲ. 3ರಿಂದ 5 ವರ್ಷ ಪ್ರತಿ ತಿಂಗಳೂ ಕಂತು ಕಟ್ಟಬೇಕು. ಬಾಕಿ ಬಿದ್ದ ಮನೆಸಾಲ ಸರಿಪಡಿಸಿಕೊಂಡು ಮನೆ ಉಳಿಸಿಕೊಳ್ಳಬೇಕೆನ್ನುವವರ ದಾರಿ ಅದು. ಯಾವ ದಾರಿ ಹಿಡಿದರೂ, ಅರ್ಜಿ ದಾಖಲಾದ ಗಳಿಗೆಯಿಂದ ವಸೂಲಿಯ ಫೋನು, ನೋಟಿಸು, ಸಂಬಳದ ಜಪ್ತಿ ಎಲ್ಲವೂ ನಿಲ್ಲಬೇಕು. ಹಾಗೆಂದು ಎಲ್ಲ ಸಾಲವೂ ಮನ್ನಾ ಆಗುವುದಿಲ್ಲ. ಮಕ್ಕಳ ಜೀವನಾಂಶ ಉಳಿಯುತ್ತದೆ. ಇತ್ತೀಚಿನ ತೆರಿಗೆ ಉಳಿಯುತ್ತದೆ. ಓದಿನ ಸಾಲ ಮನ್ನಾ ಆಗುವುದು ತೀರ ಅಪರೂಪ.

ಇಷ್ಟು ಕೇಳಿದವರಿಗೆ, ವಕೀಲರ ಕೆಲಸ ಅರ್ಜಿ ಬರೆದು ನ್ಯಾಯಾಲಯದಲ್ಲಿ ವಾದ ಮಾಡುವುದು ಎಂದು ಅನ್ನಿಸಬಹುದು. ಅಸಲಿಗೆ ಈ ಪ್ರಕರಣಗಳಲ್ಲಿ ವಾದ ಬಹಳ ಕಡಿಮೆ. ವಕೀಲರ ನಿಜವಾದ ಕೆಲಸ ಅರ್ಜಿ ದಾಖಲಾಗುವ ಮೊದಲೇ ಮುಗಿದಿರುತ್ತದೆ. ಏಕೆಂದರೆ ದಿವಾಳಿ ಕಾನೂನು ಹಿಂದಕ್ಕೆ ತಿರುಗಿ ನೋಡುತ್ತದೆ. ಕಳೆದ ತಿಂಗಳು ಏನು ಮಾಡಿದಿರಿ, ಕಳೆದ ವರ್ಷ ಯಾರಿಗೆ ದುಡ್ಡು ಕೊಟ್ಟಿರಿ ಎಂದು ಕೇಳುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಒಹಾಯೊದಲ್ಲಿರುವ ಒಬ್ಬ ಎಂಜಿನಿಯರ್. ಕೆಲಸ ಹೋಗಿದೆ. ಕಾರ್ಡಿನ ಸಾಲ 60 ಸಾವಿರ ಡಾಲರ್ ದಾಟಿದೆ. ಮರ್ಯಾದಸ್ಥ. ಹಾಗಾಗಿ ನಿವೃತ್ತಿಗೆಂದು ಕೂಡಿಟ್ಟ 401ಕೆ ಖಾತೆಯನ್ನು ಒಡೆದು ಕಾರ್ಡಿಗೆ ಕಟ್ಟುತ್ತಾನೆ. ಆಮೇಲೂ ಸಾಲ ತೀರುವುದಿಲ್ಲ. ಆಗ ವಕೀಲರ ಬಳಿ ಹೋಗುತ್ತಾನೆ. ಆ ಖಾತೆಯನ್ನು ದಿವಾಳಿ ನ್ಯಾಯಾಲಯ ಮುಟ್ಟುತ್ತಲೇ ಇರಲಿಲ್ಲ ಎಂದು ಅವನಿಗೆ ತಿಳಿಯುವುದು ಅಲ್ಲಿ. ಆ ಹಣಕ್ಕೆ ಕಾನೂನಿನ ರಕ್ಷಣೆಯಿತ್ತು. ಮನ್ನಾ ಆಗಬಹುದಾಗಿದ್ದ ಸಾಲಕ್ಕೆ ಅವನು ಮುಪ್ಪಿನ ಗಂಟನ್ನೇ ಸುರಿದಿದ್ದಾನೆ. ಅವಧಿಗೆ ಮುನ್ನ ತೆಗೆದದ್ದಕ್ಕೆ ತೆರಿಗೆಯೂ ದಂಡವೂ ಬೇರೆ ಬೀಳುತ್ತವೆ.

ಅದೇ ಎಂಜಿನಿಯರ್ ಇನ್ನೊಂದು ಕೆಲಸವನ್ನೂ ಮಾಡಿರುತ್ತಾನೆ ಅನ್ನಿ. ಅಣ್ಣನಿಂದ ತಂದಿದ್ದ ಕೈಸಾಲವನ್ನು ಮೊದಲು ತೀರಿಸಿರುತ್ತಾನೆ. ನಮ್ಮ ಕಡೆ ಇದು ಸಹಜ ಧರ್ಮ. ಬ್ಯಾಂಕು ಕಾಯಲಿ, ಒಡಹುಟ್ಟಿದವನು ಕಾಯಬಾರದು. ಅಲ್ಲಿಯ ಕಾನೂನು ಇದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಸಾಲ ಕೊಟ್ಟ ಎಲ್ಲರೂ ಸಮಾನರು, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಡುವಂತಿಲ್ಲ ಎನ್ನುತ್ತದೆ. ಹೊರಗಿನವರಿಗೆ ಕೊಟ್ಟದ್ದಾದರೆ 90 ದಿನ ಹಿಂದಕ್ಕೆ ನೋಡುತ್ತದೆ. ಬಂಧುಗಳಿಗೆ ಕೊಟ್ಟದ್ದಾದರೆ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಆ ಹಣವನ್ನು ಟ್ರಸ್ಟಿ ಅಣ್ಣನಿಂದಲೇ ವಾಪಸು ಕೇಳಬಹುದು.

ಆದಾಯದ ಲೆಕ್ಕವೂ ಹೀಗೆಯೇ. 2005ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನನ್ನು ಬಿಗಿ ಮಾಡಿತು. ಚಾಪ್ಟರ್ 7ಕ್ಕೆ ಅರ್ಹತೆ ನೋಡುವಾಗ ಅರ್ಜಿಗೆ ಹಿಂದಿನ 6 ಪೂರ್ಣ ತಿಂಗಳ ಸರಾಸರಿ ಆದಾಯ ಹಿಡಿಯುತ್ತಾರೆ. ಕೆಲಸ ಹೋಗಿ ಒಂದೇ ತಿಂಗಳಾದವನ ಕೈಯಲ್ಲಿ ಕಾಸಿಲ್ಲದಿದ್ದರೂ ಕಾಗದದ ಮೇಲೆ ಅವನು ಸ್ಥಿತಿವಂತ. ಎರಡು ಮೂರು ತಿಂಗಳು ತಡೆಯಿರಿ ಎಂದು ಅನುಭವವಿರುವ ವಕೀಲರು ಹೇಳುವುದು ಇದಕ್ಕೇ.

ರಾಜ್ಯದಿಂದ ರಾಜ್ಯಕ್ಕೆ ಹೋದವರ ಕತೆಯೂ ಇದೆ. ಟೆಕ್ಸಾಸ್, ಫ್ಲೋರಿಡಾಗಳಲ್ಲಿ ವಾಸದ ಮನೆಗೆ ಕಾನೂನು ಕೊಡುವ ರಕ್ಷಣೆ ಬಹಳ ದೊಡ್ಡದು. ಬೇರೆ ಎಷ್ಟೋ ಕಡೆ ಅಷ್ಟಿಲ್ಲ. ಆದರೆ ಹೊಸ ರಾಜ್ಯಕ್ಕೆ ಬಂದು 2 ವರ್ಷ ತುಂಬುವವರೆಗೆ ಅಲ್ಲಿಯ ರಕ್ಷಣೆ ಸಿಗುವುದಿಲ್ಲ, ಹಿಂದಿನ ರಾಜ್ಯದ ನಿಯಮವೇ ಅನ್ವಯ. ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಊರು ಬದಲಿಸುವ ಐಟಿಯವರಿಗೆ ಇದು ಗೊತ್ತಿರಬೇಕಾದ ಮಾತು.

ಆಸ್ತಿಯನ್ನು ಬೇರೆಯವರ ಹೆಸರಿಗೆ ಮಾಡುವ ಬಗ್ಗೆ ಒಂದು ಹಳೆಯ ಕತೆಯಿದೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಹೆಸರು ಕೇಳುಗರಿಗೆ ಗೊತ್ತು. 1894ರಲ್ಲಿ ಅವನ ಪ್ರಕಾಶನ ಸಂಸ್ಥೆ ಮುಳುಗಿತು. ಅಚ್ಚುಮೊಳೆ ಜೋಡಿಸುವ ಯಂತ್ರವೊಂದಕ್ಕೆ ಸುರಿದ ಹಣವೂ ಮಣ್ಣುಪಾಲಾಗಿತ್ತು. ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಹೆನ್ರಿ ರೋಜರ್ಸ್ ಅವನ ಕೈಹಿಡಿದ. ರೋಜರ್ಸ್ ವಕೀಲನಲ್ಲ, ವ್ಯವಹಾರ ಬಲ್ಲವನು. ಟ್ವೇನನ ಹೆಂಡತಿ ಒಲಿವಿಯಾ ಆ ಸಂಸ್ಥೆಗೆ ತನ್ನ ಸ್ವಂತ ಹಣ ಸಾಲ ಕೊಟ್ಟಿದ್ದಳು. ರೋಜರ್ಸ್ ಆಕೆಯನ್ನೇ ಮೊದಲ ಹಕ್ಕುದಾರಳೆಂದು ನಿಲ್ಲಿಸಿ, ಪುಸ್ತಕಗಳ ಹಕ್ಕುಸ್ವಾಮ್ಯವನ್ನು ಆಕೆಯ ಹೆಸರಿಗೆ ಬರೆಸಿದ. ಪುಸ್ತಕಗಳು ಉಳಿದವು. ಆಮೇಲೆ ಟ್ವೇನ್ ಸಾಲ ತೀರಿಸಲೆಂದೇ ದೇಶದೇಶ ಸುತ್ತಿ ಭಾಷಣ ಮಾಡಿದ. 1896ರಲ್ಲಿ ಮುಂಬಯಿ, ಕಾಶಿ, ಕಲಕತ್ತೆಗೆ ಬಂದದ್ದು ಆ ಪ್ರವಾಸದಲ್ಲೇ. 1898ರ ಹೊತ್ತಿಗೆ ಪೈಸೆ ಪೈಸೆಯನ್ನೂ ತೀರಿಸಿದ. ಗಮನಿಸಬೇಕಾದದ್ದು ಇಲ್ಲಿದೆ. 1894ರಲ್ಲಿ ಅಮೆರಿಕದಲ್ಲಿ ರಾಷ್ಟ್ರಮಟ್ಟದ ದಿವಾಳಿ ಕಾನೂನೇ ಇರಲಿಲ್ಲ. ಹಳೆಯದು 1878ರಲ್ಲಿ ರದ್ದಾಗಿತ್ತು, ಹೊಸದು ಬಂದದ್ದು 1898ರಲ್ಲಿ. ಇವತ್ತು ಯಾರಾದರೂ ದಿವಾಳಿಯ ಹೊಸ್ತಿಲಲ್ಲಿ ಹೆಂಡತಿಯ ಹೆಸರಿಗೆ ಆಸ್ತಿ ಬರೆದರೆ ಟ್ರಸ್ಟಿ ಕೇಳುವ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಟ್ಟುಮಾಡಿಕೊಳ್ಳೋಣ. ಕಾನೂನು ಹಿಂದಕ್ಕೆ ನೋಡುತ್ತದೆ. ಆದ್ದರಿಂದ ವಕೀಲರ ಬಳಿ ಬೇಗ ಹೋಗಬೇಕು. ಖಾತೆ ಒಡೆಯುವ ಮುನ್ನ, ಅಣ್ಣನಿಗೆ ಕೊಡುವ ಮುನ್ನ, ಹೆಸರು ಬದಲಿಸುವ ಮುನ್ನ ಹೋಗಬೇಕು. ಈಗ ಮುಂದಿನ ಪ್ರಶ್ನೆ: ಯಾರ ಬಳಿ?

ಅದಕ್ಕೂ ಮೊದಲು, ಹೋಗಲು ನಾಚಿಕೆ ಅಡ್ಡ ಬರುತ್ತದೆ. ಪಾಪರ್ ಎನಿಸಿಕೊಳ್ಳುವ ಭಯ ನಮ್ಮವರಿಗೆ ಬಹಳ. ನೂರೆಂಬತ್ತು ವರ್ಷಗಳ ಹಿಂದೆ, 1841ರ ದಿವಾಳಿ ಕಾನೂನು ಜಾರಿಯಲ್ಲಿದ್ದಾಗ, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೀಗೆ ನೊಂದು ಬಂದ ಹತ್ತಾರು ಮಂದಿಯ ಅರ್ಜಿ ನಡೆಸಿದ ವಕೀಲರಲ್ಲಿ ಏಬ್ರಹಾಂ ಲಿಂಕನ್ ಒಬ್ಬ. ಅಂಗಡಿ ಇಟ್ಟು ಕೈಸುಟ್ಟುಕೊಂಡು ವರ್ಷಗಟ್ಟಲೆ ಸಾಲ ತೀರಿಸಿದ ಅನುಭವ ಅವನಿಗೇ ಇತ್ತು. ದಿವಾಳಿ ವಕೀಲಿಕೆ ಗೌರವದ ಕೆಲಸ, ಇದನ್ನೇ ಮಾಡುವ ಒಳ್ಳೆಯ ವಕೀಲರು ಅಮೆರಿಕದ ಎಷ್ಟೋ ಊರುಗಳಲ್ಲಿ ಇದ್ದಾರೆ.

ಆರಿಸುವಾಗ ನೋಡಬೇಕಾದ ಮೊದಲ ವಿಷಯ: ಅವರು ಇದನ್ನೇ ಮಾಡುತ್ತಾರೆಯೇ? ದೇವಸ್ಥಾನದ ಕಾರ್ಯಕ್ರಮದಲ್ಲಿ ಪರಿಚಯವಾದ ವಲಸೆ ವಕೀಲರು ಎಷ್ಟೇ ಸಜ್ಜನರಾಗಿರಲಿ, ಈ ಕೆಲಸಕ್ಕೆ ಅವರು ಸಾಲದು. ರಾಜ್ಯದ ಬಾರ್ ಸಂಸ್ಥೆಯಲ್ಲಿ ವಕೀಲರ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂದು ವಿಚಾರಿಸಬಹುದು. ದಿವಾಳಿ ಪ್ರಕರಣಗಳ ಕಡತ ಸಾರ್ವಜನಿಕ. ನ್ಯಾಯಾಲಯದ ಪೇಸರ್ ಎಂಬ ವ್ಯವಸ್ಥೆಯಲ್ಲಿ ಪುಟಕ್ಕೆ 10 ಸೆಂಟ್ ಕೊಟ್ಟು ಯಾರು ಬೇಕಾದರೂ ಓದಬಹುದು.

ಎರಡನೆಯದು, ಮೊದಲ ಭೇಟಿ. ಹೆಚ್ಚಿನ ಕಡೆ ಅದು ಉಚಿತ. ಅಲ್ಲಿ ವಕೀಲರು ಹೆಚ್ಚು ಮಾತಾಡಿದರೋ, ಹೆಚ್ಚು ಪ್ರಶ್ನೆ ಕೇಳಿದರೋ ಎಂದು ಗಮನಿಸಿ. ಹದಿನೈದು ನಿಮಿಷದಲ್ಲಿ ಚಾಪ್ಟರ್ 7 ಹಾಕೋಣ ಎಂದು ಕಾಗದ ಮುಂದಿಡುವವರ ಬಳಿಯಿಂದ ಎದ್ದುಬರುವುದೇ ಕ್ಷೇಮ. ಕಳೆದ ವರ್ಷ ಯಾರಿಗೆ ಹಣ ಕೊಟ್ಟಿರಿ, ಬೇರೆ ದೇಶದಲ್ಲಿ ಏನಿದೆ, ತಂದೆತಾಯಿಯ ಆಸ್ತಿ ಹೇಗಿದೆ ಎಂದು ಕೆದಕಿ ಕೇಳುವವರು ಮುಜುಗರ ತರುತ್ತಾರೆ. ನಂಬಬೇಕಾದದ್ದು ಅವರನ್ನೇ. ಇನ್ನೊಂದು ಮಾತನ್ನೂ ಕೇಳಿಬಿಡಿ: ವಿಚಾರಣೆಯ ದಿನ ನನ್ನ ಜೊತೆ ಬರುವವರು ನೀವೋ, ಅಥವಾ ಅವತ್ತಷ್ಟೇ ನನ್ನ ಹೆಸರು ಓದಿಕೊಳ್ಳುವ ಬೇರೊಬ್ಬರೋ?

ವಕೀಲರಲ್ಲದವರೂ ಈ ಪೇಟೆಯಲ್ಲಿದ್ದಾರೆ. ಕಡಿಮೆ ದುಡ್ಡಿಗೆ ಅರ್ಜಿ ತುಂಬಿಕೊಡುವವರನ್ನು ಅಲ್ಲಿಯ ಕಾನೂನು ಬೆರಳಚ್ಚುಗಾರರೆಂದಷ್ಟೇ ಒಪ್ಪುತ್ತದೆ. ಅವರು ಸಲಹೆ ಕೊಡುವಂತಿಲ್ಲ. ತಮ್ಮ ಜಾಹೀರಾತಿನಲ್ಲಿ ಕಾನೂನು ಸೇವೆ ಎಂಬ ಮಾತನ್ನೂ ಬಳಸುವಂತಿಲ್ಲ. ಸಾಲ ಇಳಿಸಿಕೊಡುತ್ತೇವೆ ಎನ್ನುವ ಕಂಪನಿಗಳು ಇನ್ನೊಂದು ಬಗೆ. ಫೋನಿನಲ್ಲಿ ಮಾತು ಕುದುರಿಸಿ ಮಾರುವವರು ಒಂದು ಸಾಲವನ್ನಾದರೂ ಇಳಿಸುವ ಮುಂಚೆ ಫೀಸು ಪಡೆಯಬಾರದು ಎಂದು 2010ರಿಂದ ನಿಯಮವಿದೆ. ಅವರು ಇಳಿಸಿದ ಮೊತ್ತ ಎಷ್ಟೋ ಸಲ ಆದಾಯವೆಂದು ಲೆಕ್ಕಕ್ಕೆ ಬಂದು ಅದಕ್ಕೆ ತೆರಿಗೆ ಬೀಳುತ್ತದೆ. ದಿವಾಳಿಯಲ್ಲಿ ಮನ್ನಾ ಆದದ್ದಕ್ಕೆ ಹಾಗೆ ತೆರಿಗೆಯಿಲ್ಲ.

ಈಗ ಫೀಸಿನ ಮಾತು. ಚಾಪ್ಟರ್ 7ರ ನ್ಯಾಯಾಲಯದ ಶುಲ್ಕ ಸುಮಾರು 340 ಡಾಲರ್. ಕಡಿಮೆ ಆದಾಯದವರಿಗೆ ಮಾಫಿಯುಂಟು, ಕಂತೂ ಉಂಟು. ವಕೀಲರ ಫೀಸು ಊರಿಂದ ಊರಿಗೆ ಬೇರೆ. ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ಡಾಲರ್. ಚಾಪ್ಟರ್ 13ಕ್ಕೆ ಅದಕ್ಕಿಂತ ಬಹಳ ಹೆಚ್ಚು.

ಇಲ್ಲಿ ಒಂದು ಕಷ್ಟವಿದೆ. ಚಾಪ್ಟರ್ 7ರಲ್ಲಿ ಉಳಿದ ಸಾಲದ ಜೊತೆ ವಕೀಲರಿಗೆ ಕೊಡಬೇಕಾದ ಬಾಕಿಯೂ ಮನ್ನಾ ಆಗಿಬಿಡುತ್ತದೆ. ಹಾಗಾಗಿ ಅವರು ಪೂರ್ತಿ ಹಣ ಮುಂಗಡವಾಗಿ ಕೇಳುತ್ತಾರೆ. ಅರ್ಜಿದಾರರ ಆಸ್ತಿಯಿಂದ ಆ ವಕೀಲರಿಗೆ ಫೀಸು ಕೊಡಲಾಗದು ಎಂದು 2004ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಹೇಳಿತು. ಚಾಪ್ಟರ್ 13ರಲ್ಲಾದರೆ ಫೀಸನ್ನು ಕಂತಿನಲ್ಲಿ ಸೇರಿಸಬಹುದು. ಈ ವ್ಯತ್ಯಾಸದಿಂದ ಒಂದು ಅನ್ಯಾಯ ಹುಟ್ಟಿದೆ. ಮುಂಗಡವೇ ಬೇಡ ಎಂಬ ಫಲಕ ನೋಡಿ ಒಳಗೆ ಹೋದ ಬಡವರು, ಅಗತ್ಯವಿಲ್ಲದಿದ್ದರೂ ಐದು ವರ್ಷದ ಕಂತಿಗೆ ಕೊರಳೊಡ್ಡುತ್ತಾರೆ. ಬಹಳಷ್ಟು ಮಂದಿ ಕೊನೆ ಮುಟ್ಟುವುದಿಲ್ಲ. ಕಂತು ತಪ್ಪಿ ಪ್ರಕರಣ ವಜಾ ಆದರೆ ಸಾಲ ಮತ್ತೆ ತಲೆಗೆ ಬರುತ್ತದೆ. ಕಪ್ಪುಜನರ ಕುಟುಂಬಗಳು ಈ ದಾರಿಗೆ ಹೆಚ್ಚಾಗಿ ಬೀಳುತ್ತವೆಂದು ಅಲ್ಲಿಯ ಕಾನೂನು ಪ್ರಾಧ್ಯಾಪಕರು ಅಧ್ಯಯನ ಮಾಡಿ ತೋರಿಸಿದ್ದಾರೆ. ಚಾಪ್ಟರ್ 13 ಕೆಟ್ಟದ್ದಲ್ಲ, ಮನೆ ಉಳಿಸಿಕೊಳ್ಳಬೇಕಾದವರಿಗೆ ಅದು ವರ. ಆದರೆ ಅದನ್ನು ಆರಿಸಲು ಕಾರಣ ಮನೆಯಾಗಿರಬೇಕು, ವಕೀಲರ ಫೀಸಲ್ಲ. ಏಕೆ 13, ಏಕೆ 7 ಅಲ್ಲ ಎಂದು ನೇರವಾಗಿ ಕೇಳುವ ಹಕ್ಕು ಪ್ರತಿಯೊಬ್ಬ ಕಕ್ಷಿದಾರನಿಗೂ ಇದೆ.

ಒಪ್ಪಂದ ಬರವಣಿಗೆಯಲ್ಲಿರಬೇಕು ಎಂದು ಕಾನೂನೇ ಹೇಳುತ್ತದೆ. ಏನೇನು ಮಾಡಿಕೊಡುತ್ತಾರೆ, ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದು ಸ್ಪಷ್ಟವಾಗಿರಬೇಕು. ನಾವು ವಕೀಲರು, ಈ ನಿಯಮ ನಮಗೇಕೆ ಎಂದು ಮಿನ್ನೆಸೋಟಾದ ವಕೀಲರ ಸಂಸ್ಥೆಯೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಿಮಗೂ ಅನ್ವಯ ಎಂದು 2010ರಲ್ಲಿ ತೀರ್ಪಾಯಿತು. ತಾವು ಪಡೆದ ಫೀಸನ್ನು ವಕೀಲರು ನ್ಯಾಯಾಲಯಕ್ಕೂ ತಿಳಿಸಬೇಕು. ಅದು ಅತಿಯಾಯಿತೆನಿಸಿದರೆ ನ್ಯಾಯಾಧೀಶರು ವಾಪಸು ಕೊಡಿಸಬಹುದು.

ಬೇಗ ಹೋಗಬೇಕು ಎಂದಾಯಿತು. ಪ್ರಶ್ನೆ ಕೇಳುವವರನ್ನು ಆರಿಸಬೇಕು, ಫೀಸನ್ನು ಬರವಣಿಗೆಯಲ್ಲಿ ಪಡೆಯಬೇಕು ಎಂದಾಯಿತು. ಉಳಿದದ್ದು ಕಕ್ಷಿದಾರನ ಪಾಲಿನ ಕೆಲಸ. ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಅಲ್ಲೇ.

ಅರ್ಜಿ ಎಂದರೆ ಒಂದೆರಡು ಹಾಳೆಯಲ್ಲ. ಐವತ್ತು ಪುಟಕ್ಕೂ ಮೀರುವುದುಂಟು. ಸಂಬಳದ ಚೀಟಿ, ತೆರಿಗೆಯ ಕಾಗದ, ಬ್ಯಾಂಕಿನ ಲೆಕ್ಕ, ಸಾಲದವರ ಪಟ್ಟಿ ಎಲ್ಲವನ್ನೂ ಒದಗಿಸಬೇಕಾದವರು ಕಕ್ಷಿದಾರರು. ಅರ್ಜಿಗೆ ಹಿಂದಿನ 6 ತಿಂಗಳೊಳಗೆ ಸರ್ಕಾರ ಒಪ್ಪಿದ ಸಂಸ್ಥೆಯಿಂದ ಸಾಲದ ಬಗ್ಗೆ ಸಲಹೆ ಪಡೆದ ಪ್ರಮಾಣಪತ್ರವೂ ಬೇಕು. ಅದನ್ನು ಫೋನಿನಲ್ಲೇ ಒಂದೆರಡು ಗಂಟೆಯಲ್ಲಿ ಮುಗಿಸಬಹುದು. ಕೊನೆಗೆ, ಇಲ್ಲಿ ಬರೆದದ್ದೆಲ್ಲ ಸತ್ಯ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಆಸ್ತಿಯನ್ನು ಬೇಕೆಂದೇ ಮುಚ್ಚಿಟ್ಟದ್ದು ಸಾಬೀತಾದರೆ 5 ವರ್ಷದವರೆಗೆ ಸೆರೆವಾಸವಿದೆ.

ಆಸ್ತಿ ಎಂದರೆ ಯಾವುದು? ಕಾನೂನಿನ ಪ್ರಕಾರ, ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ಅರ್ಜಿದಾರನ ಹಕ್ಕಿರುವ ಪ್ರತಿಯೊಂದೂ ಆಸ್ತಿಯೇ. ಅಂದರೆ ಮೈಸೂರಿನಲ್ಲಿ ಕೊಂಡಿಟ್ಟ ಸೈಟು. ಅಮ್ಮನ ಲಾಕರಿನಲ್ಲಿರುವ ತನ್ನ ಮದುವೆಯ ಒಡವೆ. ಎನ್‌ಆರ್‌ಇ ಖಾತೆ. ಹಳೆಯ ಕಂಪನಿಯ ಪಿಎಫ್. ಅಮೆರಿಕದ ನಿವೃತ್ತಿ ಖಾತೆಗಿರುವ ರಕ್ಷಣೆ ಊರಿನ ಪಿಎಫ್‌ಗೂ ಇದೆ ಎಂದು ತಾವೇ ಊಹಿಸಿಕೊಂಡು ಸುಮ್ಮನಿರಬಾರದು. ಪಿತ್ರಾರ್ಜಿತ ಆಸ್ತಿಯಂತೂ ಇನ್ನೂ ಸೂಕ್ಷ್ಮ. ಅಪ್ಪ ಬದುಕಿದ್ದಾರೆ, ಭಾಗವಾಗಿಲ್ಲ, ಪಹಣಿಯಲ್ಲಿ ತನ್ನ ಹೆಸರಿಲ್ಲ, ಹಾಗಾಗಿ ತನಗೇನೂ ಇಲ್ಲ ಎಂದು ಮಗಳು ಭಾವಿಸುತ್ತಾಳೆ. ಭಾರತದ ಕಾನೂನಿಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಪಾಲಿದೆ. ಒಹಾಯೊದ ವಕೀಲರಿಗೆ ಇದು ಗೊತ್ತಿರುವ ಸಂಭವ ಕಡಿಮೆ. ಹೇಳಬೇಕಾದವಳು ಅವಳೇ. ಹೇಳಿದ ಮಾತ್ರಕ್ಕೆ ಆ ಜಮೀನು ಹೋಗಿಬಿಡುತ್ತದೆ ಎಂದಲ್ಲ. ಅದರ ಬೆಲೆಯೇನು, ಯಾವ ರಕ್ಷಣೆಗೆ ಒಳಪಡುತ್ತದೆ, ಚಾಪ್ಟರ್ 13 ಮೇಲೋ ಎಂದು ವಕೀಲರು ಲೆಕ್ಕ ಹಾಕಬಲ್ಲರು. ಆದರೆ ಆ ಲೆಕ್ಕವನ್ನು ಅರ್ಜಿಗೆ ಮೊದಲೇ ಹಾಕಬೇಕು.

ಹೇಳದಿದ್ದರೆ ಏನಾಗುತ್ತದೆ? ಮೆಸಾಚುಸೆಟ್ಸ್‌ನ ಒಬ್ಬ ವ್ಯಕ್ತಿಯ ಪ್ರಕರಣ 2007ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ ನಿಂತಿದೆ. ಮೇನ್ ರಾಜ್ಯದಲ್ಲಿ ಅವನಿಗೊಂದು ಮನೆಯಿತ್ತು. ಅರ್ಜಿಗೆ 7 ತಿಂಗಳ ಮುಂಚೆ ಅದನ್ನು ಒಂದು ಟ್ರಸ್ಟ್‌ನ ಹೆಸರಿಗೆ ಪುಕ್ಕಟೆ ಬರೆದುಕೊಟ್ಟ. ಫಲಾನುಭವಿ ತಾನೇ. ಅರ್ಜಿಯಲ್ಲಿ ಅದರ ಬೆಲೆ ಸೊನ್ನೆ ಎಂದ. ಯಾವ ಆಸ್ತಿಯನ್ನೂ ವರ್ಗಾಯಿಸಿಲ್ಲ ಎಂದೂ ಹೇಳಿದ. ಟ್ರಸ್ಟಿ ಅಧಿಕಾರಿ ಆ ಮನೆಯನ್ನು ವಾಪಸು ತರುತ್ತೇನೆ ಎಂದಾಗ, ಹಾಗಾದರೆ ಚಾಪ್ಟರ್ 13ಕ್ಕೆ ಬದಲಿಸಿಕೊಡಿ ಎಂದು ಕೇಳಿದ. ಬರೆಯುವಾಗ ಆದ ಕೈತಪ್ಪು ಎಂದು ಸಮಜಾಯಿಷಿ ಕೊಟ್ಟ. ಮಾಮೂಲಾಗಿ ಆ ಬದಲಾವಣೆ ಸಲೀಸಾಗಿ ಸಿಗುತ್ತದೆ. ಅವನಿಗೆ ಸಿಗಲಿಲ್ಲ. ಒಳ್ಳೆಯ ನಂಬಿಕೆಯಿಂದ ನಡೆಯದವನಿಗೆ ಆ ಹಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು. ಇದೇ ಮನೆಯ ವಿಷಯವನ್ನು ಮೊದಲೇ ತೆರೆದಿಟ್ಟಿದ್ದರೆ ಅವನಿಗೆ ಆ ಬದಲಾವಣೆಯ ದಾರಿ ತೆರೆದಿರಬಹುದಿತ್ತು ಎಂಬುದು ನೋವಿನ ಸಂಗತಿ.

ವೀಸಾದ ಭಯದಿಂದ ಮುಚ್ಚಿಡುವವರೂ ಇದ್ದಾರೆ. ಈ ಅರ್ಜಿ ಹಾಕಲು ಅಮೆರಿಕದ ಪೌರರಾಗಿರಬೇಕಿಲ್ಲ. ಅರ್ಜಿ ಹಾಕಿದ್ದೇ ಗಡೀಪಾರಿಗೆ ಕಾರಣವಾಗುವುದಿಲ್ಲ. ಆದರೆ ವಂಚನೆಯ ಅಪರಾಧ ಸಾಬೀತಾದರೆ ವಲಸೆಗೆ ದೊಡ್ಡ ಪೆಟ್ಟು. ಗ್ರೀನ್ ಕಾರ್ಡ್ ನಡೆಯುತ್ತಿರುವವರು ವಲಸೆ ವಕೀಲರಿಗೂ ದಿವಾಳಿ ವಕೀಲರಿಗೂ ಒಂದೇ ಮಾತು ಹೇಳಿ, ಇಬ್ಬರ ಸಲಹೆಯನ್ನೂ ಕೂಡಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಸಿದ್ಧತೆಯಾದ ಮೇಲೆ ಬರುವ ವಿಚಾರಣೆ ಬಹಳ ಚಿಕ್ಕದು. ಅರ್ಜಿ ಹಾಕಿದ ಮೂರರಿಂದ ಆರು ವಾರದೊಳಗೆ ಟ್ರಸ್ಟಿ ಸಭೆ ಕರೆಯುತ್ತಾರೆ. ಅಲ್ಲಿ ನ್ಯಾಯಾಧೀಶರಿರುವುದಿಲ್ಲ. ಈಗ ಹೆಚ್ಚಾಗಿ ವಿಡಿಯೋ ಕರೆಯಲ್ಲೇ ನಡೆಯುತ್ತದೆ. ಸಾಲ ಕೊಟ್ಟವರು ಬರಬಹುದು, ಸಾಮಾನ್ಯವಾಗಿ ಬರುವುದಿಲ್ಲ. ಪ್ರಶ್ನೆಗಳು ನೇರ: ಅರ್ಜಿಯನ್ನು ಓದಿ ಸಹಿ ಮಾಡಿದಿರಾ, ಎಲ್ಲ ಆಸ್ತಿಯನ್ನೂ ತೋರಿಸಿದ್ದೀರಾ? ಸಿದ್ಧವಾಗಿ ಬಂದವರಿಗೆ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಹಣಕಾಸು ನಿರ್ವಹಣೆಯ ಇನ್ನೊಂದು ಪಾಠ ಕೇಳಬೇಕು. ಚಾಪ್ಟರ್ 7ರಲ್ಲಾದರೆ ಎರಡು ತಿಂಗಳ ಮೇಲೆ ಮನ್ನಾ ಆದೇಶ ಬರುತ್ತದೆ. ಕ್ರೆಡಿಟ್ ವರದಿಯಲ್ಲಿ ಆ ಗುರುತು 10 ವರ್ಷದವರೆಗೆ ಉಳಿಯಬಹುದು.

ಊರಿನಲ್ಲಿ ಕುಳಿತು ಕೇಳುತ್ತಿರುವ ತಂದೆತಾಯಿಯರಿಗೆ ಎರಡು ವಿಷಯ ಹೇಳಬೇಕು. ಮಗನ ಓದಿನ ಸಾಲಕ್ಕೋ ಬೇರೆ ಸಾಲಕ್ಕೋ ಇಲ್ಲಿಯ ಬ್ಯಾಂಕಿನಲ್ಲಿ ನೀವು ಸಹಸಾಲಗಾರರಾಗಿ ಸಹಿ ಮಾಡಿದ್ದರೆ, ಅಲ್ಲಿ ಮಗನಿಗೆ ಸಿಗುವ ಮನ್ನಾ ಆದೇಶ ನಿಮ್ಮನ್ನು ಬಿಡಿಸುವುದಿಲ್ಲ. ನಿಮ್ಮ ಹೊಣೆ ಹಾಗೇ ಇರುತ್ತದೆ, ಅಡವಿಟ್ಟ ಮನೆಯ ಮೇಲಿನ ಹಕ್ಕೂ ಬ್ಯಾಂಕಿಗೆ ಹಾಗೇ ಇರುತ್ತದೆ. ಮಗ ಅರ್ಜಿ ಹಾಕುವ ಮೊದಲೇ ಆ ಸಾಲಪತ್ರದ ಪ್ರತಿಯನ್ನು ಅವನಿಗೆ ಕಳಿಸಿಕೊಡಿ. ಎರಡನೆಯದು, ಅರ್ಜಿ ಹಾಕಿದ ದಿನದಿಂದ 180 ದಿನದೊಳಗೆ ಅವನಿಗೆ ಉತ್ತರಾಧಿಕಾರವಾಗಿ ಏನಾದರೂ ಬಂದರೆ, ಅದೂ ಪ್ರಕರಣದೊಳಕ್ಕೆ ಸೇರುತ್ತದೆ. ಮನೆಯಲ್ಲಿ ಯಾರಾದರೂ ತೀರಿಕೊಂಡು ಆಸ್ತಿಯ ಹಕ್ಕು ಬದಲಾದರೆ, ಆ ಸುದ್ದಿಯ ಜೊತೆಗೆ ಮರಣ ಪ್ರಮಾಣಪತ್ರ, ವಿಲ್ಲು, ಪಹಣಿಯ ಪ್ರತಿಗಳೂ ಅವನನ್ನು ತಲುಪಬೇಕು. ಅವನು ಅವನ್ನು ತಡಮಾಡದೆ ತನ್ನ ವಕೀಲರಿಗೆ ಕೊಡಬೇಕು. ಅಷ್ಟು ಹೊತ್ತಿಗೆ ಮನ್ನಾ ಆದೇಶ ಕೈಸೇರಿದ್ದರೂ ಈ ನಿಯಮ ಬದಲಾಗುವುದಿಲ್ಲ.